ನಡುಮನೆಯ ಅಕ್ಷರ

ಭಾನುವಾರ ಬೆಳಿಗ್ಗೆ ಪತ್ರಿಕೆಯ ಪದಬಂಧ ತುಂಬಿಸಿ ಪೆನ್ನಿಗೆ ಟೋಪಿ ಹಾಕುತ್ತಿದ್ದೆ. ಮಗಳು ಕರೆಂಟು ಬಿಲ್ಲಿನ ಬೆನ್ನ ಮೇಲೆ ಜೇನುಗೂಡಿನ ಚಿತ್ರ ಬರೆದು ಮುಂದೆ ಹಿಡಿದಳು. ಆರು ಮೂಲೆಯ ಏಳು ಮನೆ. ನಡುವೆ ಒಂದು, ಸುತ್ತ ಆರು. ನಡುಮನೆಯಲ್ಲಿ ಕೆ. ಸುತ್ತಿನಲ್ಲಿ ಸಿ, ಇ, ಎಚ್, ಐ, ಎನ್, ಟಿ.

"ಈ ಏಳರಲ್ಲೇ ಇಂಗ್ಲಿಷ್ ಪದ ಕಟ್ಬೇಕು ಅಪ್ಪ. ಕಡಿಮೆ ಅಂದ್ರೂ ನಾಲ್ಕಕ್ಷರ. ಒಂದೇ ಅಕ್ಷರ ಎಷ್ಟು ಸಲ ಬಂದ್ರೂ ಪರ್ವಾಗಿಲ್ಲ. ಆದ್ರೆ ನಡುವಿನ ಕೆ ಇರ್ಲೇಬೇಕು."

ಬರೆಯತೊಡಗಿದೆ. ಕೈಟ್. ಕಿಕ್. ಕೀನ್. ಕಿಟನ್. ಅರ್ಧ ನಿಮಿಷದೊಳಗೆ ಕಿಚನ್ ಬಂತು, ಏಳಕ್ಕೆ ಏಳೂ ಅಕ್ಷರ! ಗೆದ್ದೆ ಅಂದುಕೊಂಡೆ. ಮಗಳು ನಕ್ಕಳು. "ಅದು ಎಲ್ರಿಗೂ ಸಿಗುತ್ತೆ. ಇದೇ ಏಳಕ್ಷರ ಒಂದೊಂದೇ ಸಲ ಬರೋ ಇನ್ನೊಂದು ಪದ ಇದೆ. ನಿನಗೆ ಚೆನ್ನಾಗಿ ಗೊತ್ತಿರೋದೇ."

ಓದುಗರೇ, ನೀವೂ ಒಂದು ಕೈ ನೋಡಿ. ಅಧ್ಯಾಯ ಮುಗಿಯುವವರೆಗೆ ಸಮಯವಿದೆ. ನನಗಂತೂ ಮಧ್ಯಾಹ್ನದವರೆಗೂ ಸಿಗಲಿಲ್ಲ. ಕೊನೆಗೆ ಅವಳೇ ಕನಿಕರದಿಂದ ಸಣ್ಣ ಪದಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಳು: ಚಿಕನ್, ಟಿಕೆಟ್, ಚೆಕ್, ನೆಕ್, ಹೈಕ್, ಥಿಂಕ್. ಬಸ್ಸು ಹತ್ತಿದ ದಿನದಿಂದ ಟಿಕೆಟ್ ಎನ್ನುತ್ತಿದ್ದೇನೆ. ಗೊತ್ತಿದ್ದ ಪದ ಕಣ್ಣೆದುರಿನ ಅಕ್ಷರಗಳಲ್ಲೇ ಅಡಗಿ ಕೂತಿದ್ದರೂ ಕೈಗೆ ಸಿಗಲಿಲ್ಲವೇಕೆ? ಪದ ಗೊತ್ತಿರುವುದು ಬೇರೆ, ಬೇಕೆಂದಾಗ ಅದು ಸಿಗುವುದು ಬೇರೆ. ಇವೆರಡರ ನಡುವಿನ ಸಂದಿಯಲ್ಲೇ ಈ ಆಟ ಬದುಕಿದೆ.

ಒಂದು ಗೂಡು, ಏಳು ಒಗಟು

ಮಗಳು ಬರೆದದ್ದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ 'ಸ್ಪೆಲಿಂಗ್ ಬೀ' ಆಟದ ಮಾದರಿ. ಭಾರತೀಯ ಮೂಲದ ಮಕ್ಕಳು ಅಮೆರಿಕದ ವೇದಿಕೆಯ ಮೇಲೆ ನಿಂತು ಕಷ್ಟದ ಪದಗಳ ಕಾಗುಣಿತ ಒಪ್ಪಿಸುವ ಸ್ಪರ್ಧೆಗೂ ಇದಕ್ಕೂ ಹೆಸರಷ್ಟೇ ಸಮಾನ. ಇಂಗ್ಲಿಷಿನಲ್ಲಿ 'ಬೀ' ಎಂದರೆ ಜೇನ್ನೊಣವೂ ಹೌದು, ಹತ್ತು ಜನ ಸೇರಿ ಒಂದು ಕೆಲಸಕ್ಕೆ ಕೂರುವ ಕೂಟವೂ ಹೌದು. ಆಟ ಮೊದಲನೆಯ ಅರ್ಥವನ್ನು ಹಿಡಿದುಕೊಂಡು ಜೇನುಗೂಡು ಕಟ್ಟಿತು. 2018ರಿಂದ ದಿನಕ್ಕೊಂದು ಗೂಡು ಆನ್‌ಲೈನಿನಲ್ಲಿ ಬರುತ್ತಿದೆ. ನಾಲ್ಕಕ್ಷರದ ಪದಕ್ಕೆ ಒಂದು ಅಂಕ; ಅದಕ್ಕಿಂತ ಉದ್ದವಾದರೆ ಎಷ್ಟು ಅಕ್ಷರವೋ ಅಷ್ಟು ಅಂಕ. ಏಳೂ ಅಕ್ಷರ ಒಳಗೊಂಡ ಪದಕ್ಕೆ ಪ್ಯಾನ್‌ಗ್ರಾಮ್ ಎಂದು ಹೆಸರು, ಅದಕ್ಕೆ ಮೇಲೆ ಏಳು ಅಂಕ ಇನಾಮು. ಕಿಚನ್ ಎಂದರೆ 14. ಪುಟ್ಟ ಅಡುಗೆಮನೆ ಎಂಬರ್ಥದ ಕಿಚನೆಟ್ ಹೊಳೆದರೆ 18. ಪಟ್ಟಿಯ ಎಲ್ಲ ಪದಗಳನ್ನೂ ಹೆಕ್ಕಿದವರಿಗೆ 'ರಾಣಿಜೇನು' ಪಟ್ಟ.

ಆಟದ ಹುಳಿ ಇರುವುದು ನಡುಮನೆಯಲ್ಲಿ. ಇದೇ ಏಳಕ್ಷರಗಳಲ್ಲಿ ನೈನ್‌ಟೀನ್ ಕಟ್ಟಬಹುದು, ಎತ್ನಿಕ್ ಕಟ್ಟಬಹುದು. ಕೆ ಇಲ್ಲದ ಕಾರಣ ಎರಡೂ ಹೊರಗೆ. ಕೆ ತೆಗೆದು ಇ ಅಕ್ಷರವನ್ನು ನಡುವೆ ಕೂರಿಸಿದರೆ ಅವೆರಡೂ ಒಳಗೆ, ಕಿಕ್ ಹೊರಗೆ. ಅಂದರೆ ಒಂದೇ ಗೂಡಿನಲ್ಲಿ ಏಳು ಬೇರೆ ಬೇರೆ ಒಗಟುಗಳಿವೆ.

ಈ ಆಟಕ್ಕೆ ಎಸ್ ಅಕ್ಷರ ಬಹಿಷ್ಕೃತ. ಇಂಗ್ಲಿಷಿನಲ್ಲಿ ನಾಮಪದದ ಬಾಲಕ್ಕೆ ಎಸ್ ಅಂಟಿಸಿದರೆ ಬಹುವಚನ, ಕ್ರಿಯಾಪದಕ್ಕೆ ಅಂಟಿಸಿದರೆ 'ಅವನು ಮಾಡುತ್ತಾನೆ'. ಅದನ್ನು ಒಳಗೆ ಬಿಟ್ಟರೆ ಸಿಕ್ಕ ಪದವೆಲ್ಲ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ, ಹುಡುಕುವ ಸುಖ ಹೋಗುತ್ತದೆ. ಉಳಿದ 25 ಅಕ್ಷರಗಳಿಂದ ಏಳನ್ನು ಆರಿಸಲು 4,80,700 ದಾರಿಗಳಿವೆ. ಪ್ರತಿಯೊಂದರಲ್ಲೂ ನಡುಮನೆಗೆ ಏಳು ಆಯ್ಕೆ. ಒಟ್ಟು 33,64,900 ಗೂಡುಗಳು. ಹೀಗೆ ಕುರುಡಾಗಿ ಆರಿಸಿದ ಏಳರಲ್ಲಿ ಸ್ವರವೇ ಬಾರದೆ ಹೋಗಬಹುದು, ಬಂದರೂ ಏಳನ್ನೂ ಹೊತ್ತ ಪದ ಇಲ್ಲದಿರಬಹುದು. ಆದ್ದರಿಂದ ಗೂಡನ್ನು ಹಿಂದಿನಿಂದ ಮುಂದಕ್ಕೆ ಕಟ್ಟುವುದೇ ಸುಲಭ. ಮೊದಲು ಏಳು ಬೇರೆ ಬೇರೆ ಅಕ್ಷರಗಳ ಪದವೊಂದನ್ನು ಹಿಡಿದು, ಆಮೇಲೆ ಬಿಡಿಸಿ ಹರಡುವುದು. ಮಗಳೂ ಹಾಗೆಯೇ ಮಾಡಿದ್ದಳು.

ಮುಂಬಾಗಿಲಿನ ಕೆ

ನಾನು ಮೊದಲು ಬರೆದ ಐದು ಪದಗಳನ್ನು ಇನ್ನೊಮ್ಮೆ ನೋಡಿ. ಐದೂ ಕೆ ಅಕ್ಷರದಿಂದಲೇ ಶುರುವಾಗುತ್ತವೆ. ಮಗಳು ಬಿಟ್ಟುಕೊಟ್ಟ ಆ ಆರರಲ್ಲಿ ಕೆ ನಡುವಿನಲ್ಲೋ ತುದಿಯಲ್ಲೋ ಇದೆ. ಇದು ನನ್ನೊಬ್ಬನ ದಡ್ಡತನವಲ್ಲ ಎಂಬುದಕ್ಕೆ ಹಳೆಯ ಸಾಕ್ಷಿಯಿದೆ.

ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನ್‌ಮನ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಇದೇ ಕೆ ಅಕ್ಷರವಿತ್ತು. ಇಂಗ್ಲಿಷಿನಲ್ಲಿ ಕೆ ಮೊದಲಕ್ಷರವಾಗಿ ಬರುವ ಪದಗಳು ಹೆಚ್ಚೋ, ಮೂರನೆಯ ಅಕ್ಷರವಾಗಿ ಬರುವವು ಹೆಚ್ಚೋ? ಎಲ್, ಎನ್, ಆರ್, ವಿ ಅಕ್ಷರಗಳ ಬಗ್ಗೆಯೂ ಇದೇ ಪ್ರಶ್ನೆ. ಆರಿಸಿಕೊಂಡ ಐದೂ ಅಕ್ಷರಗಳು ಮೂರನೆಯ ಸ್ಥಾನದಲ್ಲೇ ಹೆಚ್ಚು ಬರುವಂಥವು. ಮೇಕ್, ಟೇಕ್, ಲೈಕ್, ಆಸ್ಕ್ ಎಂದು ಎಣಿಸುತ್ತ ಹೋದರೆ ಕೆ ಮಟ್ಟಿಗೆ ನಿಮಗೇ ತಿಳಿಯುತ್ತದೆ. ಆದರೂ 152 ಜನರಲ್ಲಿ 105 ಮಂದಿ ಹೆಚ್ಚಿನ ಅಕ್ಷರಗಳಿಗೆ ಮೊದಲ ಸ್ಥಾನವೇ ಹೆಚ್ಚು ಎಂದರು. ಸುಲಭವಾಗಿ ನೆನಪಿಗೆ ಬಂದದ್ದನ್ನೇ ಮನಸ್ಸು 'ಹೆಚ್ಚು' ಎಂದು ಲೆಕ್ಕ ಹಾಕಿತು. ಮೊದಲಕ್ಷರ ಕೊಟ್ಟರೆ ಪದಗಳು ಸಾಲಾಗಿ ಬರುತ್ತವೆ. ಮೂರನೆಯದನ್ನು ಕೊಟ್ಟರೆ ಒಂದೊಂದನ್ನೂ ಕೊಕ್ಕೆ ಹಾಕಿ ಎಳೆಯಬೇಕು.

ತಲೆಯೊಳಗಿನ ಪದಕೋಶಕ್ಕೆ ಎರಡು ದೊಡ್ಡ ಬಾಗಿಲುಗಳಿವೆ: ಒಂದು ಅರ್ಥದ್ದು, ಇನ್ನೊಂದು ಮೊದಲ ಧ್ವನಿಯದ್ದು. ವೈದ್ಯರು ಈ ಬಾಗಿಲುಗಳನ್ನು ಬೇರೆ ಬೇರೆಯಾಗಿಯೇ ತಟ್ಟಿ ನೋಡುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂಬುದು ಒಂದು ಪರೀಕ್ಷೆ. ಎಫ್, ಎ, ಎಸ್ ಅಕ್ಷರಗಳಿಂದ ಶುರುವಾಗುವ ಎಷ್ಟು ಪದ ಹೇಳಬಲ್ಲಿರಿ ಎಂಬುದು ಇನ್ನೊಂದು. ಬೆಂಗಳೂರಿನ ನಿಮ್ಹಾನ್ಸ್‌ನ ಪರೀಕ್ಷಾಮಾಲೆಯಲ್ಲಿ ಕನ್ನಡದವರಿಗೆ ಕ, ಪ, ಮ ಕೊಡುವುದುಂಟು. ಆರೋಗ್ಯವಂತರಿಗೂ ಪ್ರಾಣಿಗಳ ಪಟ್ಟಿ ಸಲೀಸು, ಅಕ್ಷರದ ಪಟ್ಟಿ ತುಸು ಕಷ್ಟ. ಮಿದುಳಿನ ಎಡ ಮುಂಭಾಗಕ್ಕೆ ಪೆಟ್ಟಾದವರು ಅಕ್ಷರದ ಪಟ್ಟಿಯಲ್ಲಿ ಎದ್ದು ಕಾಣುವಷ್ಟು ಎಡವುತ್ತಾರೆ. ಆ ಹುಡುಕಾಟಕ್ಕೆ ಪದಸಂಪತ್ತಿನ ಜೊತೆಗೆ ದಾರಿ ಬದಲಿಸುವ, ಹೇಳಿದ್ದನ್ನೇ ಹೇಳದಂತೆ ತಡೆಯುವ ಯಜಮಾನಿಕೆ ಬೇಕು.

ಎರಡನೆಯ ಬಾಗಿಲು ಮೊದಲ ಧ್ವನಿಯದ್ದು ಎಂದೆ, ಬರೆವಣಿಗೆಯದ್ದಲ್ಲ. ಮಗಳ ಪಟ್ಟಿಯಲ್ಲಿ ಕೆ ಇಂದಲೇ ಶುರುವಾಗುವ ಎರಡು ಪದಗಳೂ ನನಗೆ ತಪ್ಪಿದ್ದವು: ಮಂಡಿಗೆ ಹೇಳುವ ನೀ, ಹೆಣಿಗೆಗೆ ಹೇಳುವ ನಿಟ್. ಕಾಗದದ ಮೇಲೆ ಅವು ಕೆ ಸಾಲಿನವು, ನಾಲಗೆಯ ಮೇಲೆ ನ ಸಾಲಿನವು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅಲ್ಲಿ 'ಕ್ನ' ಎಂದೇ ಉಚ್ಚಾರವಿತ್ತು. 17ನೇ ಶತಮಾನದ ಸುಮಾರಿಗೆ ಕ ಉದುರಿತು. ಅಷ್ಟು ಹೊತ್ತಿಗೆ ಅಚ್ಚಿನ ಮನೆಗಳು ಕಾಗುಣಿತವನ್ನು ಗಟ್ಟಿ ಮಾಡಿಬಿಟ್ಟಿದ್ದವು. ಸತ್ತ ಧ್ವನಿಯ ಹೆಣವನ್ನು ಅಕ್ಷರ ಇಂದಿಗೂ ಹೊತ್ತು ತಿರುಗುತ್ತಿದೆ.

ನಮ್ಮ ಅಂತ್ಯಾಕ್ಷರಿ ಮೊದಲಕ್ಷರದ ಆಟ, ಮನಸ್ಸಿನ ಜಾಡಿಗೆ ಹೊಂದುವಂಥದ್ದು. ಹಳಗನ್ನಡ ಕವಿಗಳು ಆಡಿದ್ದು ಕಠಿಣವಾದ ಆಟ: ಆದಿಪ್ರಾಸ. ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಕರೆ, ಮರ, ತಿರುಳು, ಸುರಿ ಎಂದು 'ಎರಡನೆಯ ರ'ದ ಸಾಲಿನಲ್ಲಿ ಪದಗಳನ್ನು ತಲೆಯಲ್ಲಿ ಜೋಡಿಸಿಟ್ಟುಕೊಳ್ಳದೆ ಚಂಪೂ ಬರೆಯಲು ಸಾಧ್ಯವೇ ಇರಲಿಲ್ಲ. ಬಾಗಿಲು ಹುಟ್ಟಿನಿಂದ ಇರದಿದ್ದರೆ ಗೋಡೆ ಒಡೆದು ಮಾಡಿಕೊಳ್ಳಬಹುದು ಎಂಬುದಕ್ಕೆ ಅವರೇ ಪುರಾವೆ.

ಅಚ್ಚುಮೊಳೆ ಎಣಿಸಿದವರು

ಯಾವ ಅಕ್ಷರ ಕಡ್ಡಾಯ ಮಾಡಿದರೆ ಆಟ ಸಲೀಸು, ಯಾವುದನ್ನು ಮಾಡಿದರೆ ಕಬ್ಬಿಣದ ಕಡಲೆ? ಅದಕ್ಕೆ ಅಕ್ಷರಗಳ ಎಣಿಕೆ ಬೇಕು. ಸ್ಯಾಮ್ಯುಯೆಲ್ ಮೋರ್ಸ್‌ನ ಜೊತೆಗಾರ ಆಲ್‌ಫ್ರೆಡ್ ವೇಲ್ ಟೆಲಿಗ್ರಾಫ್ ಸಂಕೇತ ರೂಪಿಸುವಾಗ ನ್ಯೂಜೆರ್ಸಿಯ ಮುದ್ರಣಾಲಯಕ್ಕೆ ಹೋಗಿ, ಯಾವ ಅಕ್ಷರದ ಅಚ್ಚುಮೊಳೆ ಖಾನೆಯಲ್ಲಿ ಎಷ್ಟಿದೆ ಎಂದು ನೋಡಿಕೊಂಡು ಬಂದನೆಂಬ ಪ್ರತೀತಿಯಿದೆ. ಹೆಚ್ಚು ಬಳಕೆಯ ಇ ಅಕ್ಷರಕ್ಕೆ ಒಂದೇ ಚುಕ್ಕಿ, ಟಿ ಅಕ್ಷರಕ್ಕೆ ಒಂದೇ ಗೆರೆ ಬಂದದ್ದು ಇಂಥ ಲೆಕ್ಕಾಚಾರದಿಂದ.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ ಪತ್ರಿಕೆಗಳ ಪುಟ ಹಿಡಿದು ಅಕ್ಷರ ಎಣಿಸಿ ಒಂದು ಆಟ ಮಾಡಿದ. 1948ರಲ್ಲಿ ಜೇಮ್ಸ್ ಬ್ರೂನೊ ಅದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರಿಟ್ಟ. ಅದರ ನೂರು ಬಿಲ್ಲೆಗಳಲ್ಲಿ ಇ 12, ಬೆಲೆ ಒಂದೊಂದೇ ಅಂಕ. ಕ್ಯೂ ಒಂದು, ಝಡ್ ಒಂದು. ಬೆಲೆ ಹತ್ತು ಹತ್ತು. ಎಸ್ ಬರೀ ನಾಲ್ಕು, ಬಹುವಚನದ ಹಾವಳಿ ಮಿತಿಮೀರದಿರಲೆಂದು. ಸ್ಪೆಲಿಂಗ್ ಬೀ ಪೂರ್ತಿ ಹೊರಗಟ್ಟಿದ ಅಕ್ಷರವನ್ನು ಬಟ್ಸ್ ಪಡಿತರದ ಲೆಕ್ಕದಲ್ಲಿ ಕೊಟ್ಟಿದ್ದ.

ಬಿಲ್ಲೆಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಂಗ್ಲಿಷ್ ಬರಹದ ನೂರು ಅಕ್ಷರಗಳಲ್ಲಿ ಸುಮಾರು ಆರು ಎಚ್ ಬರುತ್ತವೆ, ಸ್ಕ್ರ್ಯಾಬಲ್‌ನಲ್ಲಿರುವುದು ಎರಡೇ. ಬರಹದಲ್ಲಿ ಎಚ್ ಹೆಚ್ಚಾಗಲು ದಿ, ದಟ್, ಹಿ, ವಿತ್ ಮುಂತಾದ ಪುಟ್ಟ ಪದಗಳು ಪುಟಕ್ಕೆ ಹತ್ತಾರು ಸಲ ಬರುವುದೇ ಕಾರಣ. ನಿಘಂಟಿನಲ್ಲಿ 'ದಿ'ಗೆ ಒಂದೇ ಸಾಲು, ಹುಡುಕಿದರೂ ಸಿಗದ ಅಪರೂಪದ ಪದಕ್ಕೂ ಒಂದೇ ಸಾಲು. ಪದದಾಟ ಆಡುವವರಿಗೆ ಬೇಕಾದ್ದು ಈ ಎರಡನೆಯ ಲೆಕ್ಕ. ಒಬ್ಬ ಮನುಷ್ಯ ಸಂತೆಯಲ್ಲಿ ಎಷ್ಟು ಸಲ ಎದುರಾದ ಎಂಬುದು ಬೇರೆ, ಊರಿನ ಮತದಾರರ ಪಟ್ಟಿಯಲ್ಲಿ ಎಷ್ಟು ಸಲ ಇದ್ದಾನೆ ಎಂಬುದು ಬೇರೆ.

ಪದಬಂಧ ಎಂಬುದು ಸಾಧ್ಯವಾದದ್ದಾದರೂ ಹೇಗೆ? ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶ್ಯಾನನ್ 1948ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಈ ಮಾತನ್ನೂ ಎತ್ತಿದ್ದ. ಇಂಗ್ಲಿಷ್ ಬರೆಯುವಾಗ ಅಕ್ಷರಗಳ ಸುಮಾರು ಅರ್ಧಪಾಲನ್ನು ಭಾಷೆಯ ಕಟ್ಟುಪಾಡೇ ನಿರ್ಧರಿಸಿಬಿಟ್ಟಿರುತ್ತದೆ, ನಮ್ಮ ಸ್ವಂತ ಆಯ್ಕೆ ಉಳಿದರ್ಧ ಮಾತ್ರ ಎಂದು ಅವನ ಲೆಕ್ಕ. ಕಟ್ಟುಪಾಡೇ ಇಲ್ಲದಿದ್ದರೆ ಅಕ್ಷರಗಳನ್ನು ಹೇಗೆ ಚೆಲ್ಲಿದರೂ ಪದಬಂಧ, ಆಟವೇ ಇಲ್ಲ. ಕಟ್ಟುಪಾಡು ವಿಪರೀತವಾದರೆ ಅಡ್ಡಕ್ಕೂ ಉದ್ದಕ್ಕೂ ಹೊಂದುವ ಪದಗಳು ಸಿಗದೆ ದೊಡ್ಡ ಪದಬಂಧ ಕಟ್ಟಲಾಗದು. ಅರ್ಧಕ್ಕರ್ಧ ಇರುವುದರಿಂದಲೇ ಬೆಳಗಿನ ಪತ್ರಿಕೆಯಲ್ಲಿ ಆ ಚೌಕ ಮೂಡುತ್ತದೆ. ಮುಂದೆ 1951ರಲ್ಲಿ ಅವನು ಜನರಿಂದ 'ಮುಂದಿನ ಅಕ್ಷರ ಯಾವುದು' ಎಂದು ಊಹೆ ಮಾಡಿಸಿ ಈ ಕಟ್ಟುಪಾಡನ್ನು ಅಳೆದ ವಿವರ ಪ್ರಕಟಿಸಿದ. ನಮ್ಮ ಅವಧಾನ ಕಲೆಯ ನಿಷೇಧಾಕ್ಷರಿ ನೋಡಿದವರಿಗೆ ಇದು ಹೊಸದಲ್ಲ. ಅವಧಾನಿ ಮುಂದೆ ಯಾವ ಅಕ್ಷರ ಹಾಕಬಹುದೆಂದು ಪೃಚ್ಛಕರು ಊಹಿಸಿ ಅದನ್ನೇ ನಿಷೇಧಿಸುತ್ತಾರೆ. ಊಹೆ ನಿಜವಾದಷ್ಟೂ ಅವಧಾನಿಗೆ ಪೀಕಲಾಟ.

ಕ್ಯೂ ಬಂದ ದಿನ

ಕಟ್ಟುಪಾಡಿನ ತುತ್ತತುದಿ ಕ್ಯೂ. ಇಂಗ್ಲಿಷಿನಲ್ಲಿ ಅದರ ಬೆನ್ನಿಗೆ ಯು ಬಂದೇ ಬರುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಆ ಯು ಹೊಸದೇನನ್ನೂ ಹೇಳುವುದಿಲ್ಲ. ಬರೆಯದೆ ಬಿಟ್ಟರೂ ಓದುಗ ಊಹಿಸಬಲ್ಲ. ಹಳೆಯ ಇಂಗ್ಲಿಷಿನಲ್ಲಿ ರಾಣಿ ಎಂಬ ಪದವನ್ನು ಸಿ-ಡಬ್ಲ್ಯು ಹಾಕಿ 'ಕ್ವೇನ್' ಎಂದು ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿ ಕಲಿತ ಲಿಪಿಕಾರರು ಅದನ್ನು ಕ್ಯೂ-ಯು ಮಾಡಿದರು.

ಸ್ಕ್ರ್ಯಾಬಲ್ ಆಡುವವನ ಕೈಗೆ ಕ್ಯೂ ಬಂದು ಯು ಬಾರದಿದ್ದರೆ ಹತ್ತು ಅಂಕದ ಬಿಲ್ಲೆ ಕೆಂಡವಾಗುತ್ತದೆ. ಅದಕ್ಕೇ ಪಂದ್ಯಗಳಿಗೆ ಹೋಗುವವರು ಯು ಇಲ್ಲದ ಕ್ಯೂ ಪದಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿರುತ್ತಾರೆ. ಅವುಗಳಲ್ಲಿ ಚಿಕ್ಕದು, ಚೀನೀಯರು ಪ್ರಾಣಶಕ್ತಿಗೆ ಹೇಳುವ 'ಚೀ': ಕ್ಯೂ ಮತ್ತು ಐ, ಎರಡೇ ಅಕ್ಷರ. ಉತ್ತರ ಅಮೆರಿಕದ ಅಧಿಕೃತ ಪಟ್ಟಿಗೆ ಅದು 2006ರಲ್ಲಿ ಸೇರಿದ ಮೇಲೆ ಎಷ್ಟೋ ಜನರ ಸಂಕಟ ಕಳೆಯಿತು. ಉಳಿದವು ಬಹುಪಾಲು ಅರಬ್ಬಿ, ಹೀಬ್ರೂ ಕಡೆಯಿಂದ ಬಂದವು. ಗಂಟಲಿನ ಆಳದಿಂದ ಹೊರಡುವ ಅರಬ್ಬಿಯ ಕಕಾರಕ್ಕೆ ರೋಮನ್ ಲಿಪಿಯಲ್ಲಿ ಕ್ಯೂ ಬಳಸುವ ರೂಢಿಯಿಂದ ಫಕೀರ, ತಲಾಖ್, ಖವ್ವಾಲಿ ಎಲ್ಲವೂ ಯು ಹಂಗಿಲ್ಲದೆ ಆಟದ ಪಟ್ಟಿಗೆ ಬಂದಿವೆ. ಲಂಡನ್ನಿನ ಆಟಗಾರ ಕಷ್ಟಪಟ್ಟು ಉರುಹೊಡೆಯುವ ಈ ಪದಗಳನ್ನು ಕಲಬುರಗಿಯ ಹುಡುಗ ಬೀದಿಯಲ್ಲೇ ಕಲಿತಿರುತ್ತಾನೆ. ಇಡ್ಲಿ, ದೋಸೆ, ರಾಗಿ ಕೂಡ ಆ ಪಟ್ಟಿಯಲ್ಲಿವೆ. ಇಡ್ಲಿಗೆ ಬಿಲ್ಲೆಯ ಲೆಕ್ಕದಲ್ಲಿ ಐದು ಅಂಕ.

ಇಪ್ಪತ್ತಾರು ಸ್ವಿಚ್ಚುಗಳು

ಇದೇ ಜೇನುಗೂಡನ್ನು ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಗೋಡೆಯ ಮೇಲೆ ಸಾಲಾಗಿ 26 ಸ್ವಿಚ್ಚುಗಳಿವೆ ಎಂದುಕೊಳ್ಳಿ, ಅಕ್ಷರಕ್ಕೊಂದು. ಕಿಚನ್ ಪದಕ್ಕೆ ಅದರ ಏಳು ಸ್ವಿಚ್ಚುಗಳನ್ನು ಒತ್ತಿ, ಉಳಿದ 19 ಆರಿರಲಿ. ಹೀಗೆ ನಿಘಂಟಿನ ಪ್ರತಿ ಪದಕ್ಕೂ ಒಂದು ಫಲಕ ಸಿದ್ಧವಾಗುತ್ತದೆ. ಕಂಪ್ಯೂಟರಿಗೆ ಅದು ಬರೀ ಒಂದು ಸಂಖ್ಯೆ, 26 ಸೊನ್ನೆ-ಒಂದುಗಳ ಸಾಲು. ಒಟ್ಟು ಸಾಧ್ಯತೆಗಳು 6,71,08,864. ಇನ್ನು ಎರಡೇ ಪ್ರಶ್ನೆ. ಗೂಡಿನಲ್ಲಿ ಆರಿರುವ ಸ್ವಿಚ್ಚು ಈ ಪದದಲ್ಲಿ ಉರಿಯುತ್ತಿದೆಯೆ? ಉರಿದರೆ ಪದ ಹೊರಗೆ. ನಡುಮನೆಯ ಸ್ವಿಚ್ಚು ಉರಿಯುತ್ತಿದೆಯೆ? ಇಲ್ಲದಿದ್ದರೆ ಹೊರಗೆ. ಸಂಖ್ಯೆಗಳನ್ನು ಒಂದರ ಮೇಲೊಂದು ಇಟ್ಟು ಹೋಲಿಸಿದರೆ ಸಾಕು, ಲಕ್ಷಗಟ್ಟಲೆ ಪದಗಳ ಜರಡಿ ಮುಗಿಯಿತು.

ಈ ಫಲಕಕ್ಕೆ ಅಕ್ಷರಗಳ ಕ್ರಮ ಗೊತ್ತಿಲ್ಲ, ಎಷ್ಟು ಸಲ ಬಂತೆಂಬುದೂ ಗೊತ್ತಿಲ್ಲ. ಕಿಚನ್, ಕಿಚನೆಟ್, ಹಾಗೂ ಮಗಳು ಬಚ್ಚಿಟ್ಟ ಆ ಪದ, ಮೂರಕ್ಕೂ ಒಂದೇ ಸಂಖ್ಯೆ. ನನ್ನನ್ನು ಕಟ್ಟಿಹಾಕಿದ್ದ ಮೊದಲಕ್ಷರದ ಮೋಹ ಯಂತ್ರಕ್ಕಿಲ್ಲ. ಅರ್ಥದ ಹೊರೆಯೂ ಇಲ್ಲ.

ಮನುಷ್ಯರು ಈ ಸ್ಥಿತಿಗೆ ಎಷ್ಟು ಹತ್ತಿರ ಹೋಗಬಲ್ಲರು? ನುರಿತ ಸ್ಕ್ರ್ಯಾಬಲ್ ಆಟಗಾರರು ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿದ ರೂಪದಲ್ಲಿ ಕಲಿಯುತ್ತಾರೆ. ಕಿಚನ್ ಅವರಿಗೆ ಸಿ-ಇ-ಎಚ್-ಐ-ಕೆ-ಎನ್-ಟಿ. ಕೈಯಲ್ಲಿರುವ ಬಿಲ್ಲೆಗಳನ್ನೂ ಹಾಗೇ ಜೋಡಿಸಿಕೊಂಡರೆ ಬೀಗಕ್ಕೆ ಕೀಲಿಕೈ ಹೊಂದಿದಂತೆ ಪದ ತೆರೆದುಕೊಳ್ಳುತ್ತದೆ. ಪ್ರಾಸಕ್ಕಾಗಿ ಕವಿ ಒಡೆದ ಗೋಡೆಯಂಥದ್ದೇ ಇದು, ಹೊಸ ಬಾಗಿಲು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಂದ್ಯದ ಆಟಗಾರರು 'ಇದು ಪದ ಹೌದೋ ಅಲ್ಲವೋ' ಎಂದು ಗುರುತಿಸುವಾಗ ಅರ್ಥವನ್ನು ಇತರರಿಗಿಂತ ಕಡಿಮೆ ನೆಚ್ಚುತ್ತಾರೆ. ಮೇಲಿನಿಂದ ಕೆಳಕ್ಕೆ ಬರೆದ ಪದಗಳನ್ನು ಗುರುತಿಸುವುದರಲ್ಲೂ ಅವರದು ಚುರುಕು ಕಣ್ಣು.

ಈ ದಾರಿಯ ಕೊನೆಯಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ನಿಂತಿದ್ದಾನೆ. 2015ರಲ್ಲಿ ಅವನು ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಕಿರೀಟ ಗೆದ್ದ. ಅವನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ! ಒಂಬತ್ತು ವಾರ ಕೂತು ಪದಗಳ ಪಟ್ಟಿಯನ್ನಷ್ಟೇ ತಲೆಗೆ ತುಂಬಿಕೊಂಡಿದ್ದನೆಂದು ಆಗ ವರದಿಯಾಯಿತು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದ. ಪದಗಳೆಲ್ಲ ಅವನ ಕೈಗೆ ಸಿಗುತ್ತಿದ್ದವು. ಅವುಗಳಲ್ಲಿ ಅವನಿಗೆ 'ಗೊತ್ತಿದ್ದವು' ಎಷ್ಟು? ನನ್ನ ಪಾಡು ಅವನದಕ್ಕೆ ತಿರುಗುಮುರುಗು. ಗೊತ್ತಿದೆ, ಸಿಗುತ್ತಿಲ್ಲ.

ರಾಗಿ ಹಾಲುಬಾಯಿ

ಅಂದು ಸಂಜೆ ಅಮ್ಮ ರಾಗಿ ಹಾಲುಬಾಯಿಗೆ ಇಟ್ಟಿದ್ದಳು. ನೆನೆಸಿದ ರಾಗಿಯನ್ನು ತೆಂಗಿನಕಾಯಿ ಜೊತೆ ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ಹಾಲು, ಅದಕ್ಕೆ ಬೆಲ್ಲ, ಏಲಕ್ಕಿ. ಅವಳ ಮಣಿಕಟ್ಟು ನೋಯುತ್ತದೆಂದು ಸೌಟು ನನ್ನ ಕೈಗೆ ಬಂತು. ತಿರುಗಿಸುತ್ತಿದ್ದರೂ ತಲೆಯಲ್ಲಿ ಆ ಏಳು ಮನೆಗಳೇ. ಕಿ ಬಿಟ್ಟು ಚಿ ಹಿಡಿದೆ, ಚಿ ಬಿಟ್ಟು ಟಿ ಹಿಡಿದೆ.

"ಕೈ ನಿಲ್ಲಿಸ್ಬೇಡ್ವೋ," ಅಂದಳು ಅಮ್ಮ. "ಇನ್ನೂ ನೀರುನೀರಾಗಿದೆ. ಗಟ್ಟಿ ಆಗೋವರೆಗೂ ತಿರುಗಿಸ್ತಾನೇ ಇರು."

ಗಟ್ಟಿ ಆಗೋವರೆಗೂ! ಟಿ, ಎಚ್, ಐ, ಸಿ, ಕೆ, ಇ, ಎನ್. ಥಿಕನ್.

ಇಡೀ ದಿನ ಅಕ್ಷರದ ಬಾಗಿಲು ತಟ್ಟಿ ಸೋತಿದ್ದೆ. ಪದ ಬಂದದ್ದು ಅರ್ಥದ ಬಾಗಿಲಿನಿಂದ, ಅದೂ ಕನ್ನಡದ ಕಡೆಯಿಂದ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಪದಗಳ ಕಪಾಟು ಬೇರೆಯಾಗಿ ಕಂಡರೂ ಅರ್ಥದ ನೆಲ ಒಂದೇ. ಇತ್ತ 'ಗಟ್ಟಿ' ಅಲುಗಿದರೆ ಅತ್ತಲಿನ ಜೊತೆಪದವೂ ಅಲುಗುತ್ತದೆ. ರಿಚರ್ಡ್ಸ್‌ನ ದಾರಿಯಲ್ಲೂ ಇದು ಇರಲಿಲ್ಲ, ಸ್ವಿಚ್ಚುಗಳ ಫಲಕದಲ್ಲೂ ಇಲ್ಲ.

ಮಗಳನ್ನು ಕೂಗಿ ಕರೆದೆ, 14 ಅಂಕ ಎಂದು. ಆ ಸಂಭ್ರಮದಲ್ಲಿ ಸೌಟು ನಿಂತಿತ್ತು. ಅಮ್ಮ ಮೂಗರಳಿಸಿ ಓಡಿಬಂದು ಒಲೆ ಆರಿಸುವಷ್ಟರಲ್ಲಿ ಹಾಲುಬಾಯಿ ತಳ ಹಿಡಿದಿತ್ತು.

"ಅಂಕನ ತಟ್ಟೆಗೆ ಹುಯ್ದು ಕತ್ತರಿಸೋಕಾಗುತ್ತೇನೋ?" ಅಂದಳು.